ಡೆಕ್ ಕಳಿಸಿದ ಮೇಲೆ ತಪ್ಪು ಸಿಕ್ಕಿದೆ, ಬೆಳಿಗ್ಗೆ ಮೀಟಿಂಗ್. ಈಗಲೇ ಹೇಳಬೇಕಾ?

ಮೊದಲ ವರ್ಷ | ರಾತ್ರಿ 1:20

ಒಂದು ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಎಂ ಅಂಡ್ ಎ (ಕಂಪನಿಗಳ ಮಾರಾಟ, ಖರೀದಿ, ವಿಲೀನದ ಕೆಲಸ) ಟೀಮಿನಲ್ಲಿ ಅನಲಿಸ್ಟ್ ಆಗಿ ಸೇರಿ ಏಳು ತಿಂಗಳಾಯಿತು. ಬೆಳಿಗ್ಗೆ 10ಕ್ಕೆ ಕ್ಲೈಂಟ್ ಮೀಟಿಂಗ್ ಇದೆ. ಅವರು ಕಂಪನಿ ಮಾರುವ ಯೋಚನೆಯಲ್ಲಿದ್ದಾರೆ, ಆ ಕೆಲಸ ನಮಗೇ ಕೊಡಿ ಅಂತ ಕೇಳುವ ಪಿಚ್. ರಾತ್ರಿ 11ಕ್ಕೆ ಡೆಕ್ (ಮೀಟಿಂಗ್ ಸ್ಲೈಡ್‌ಗಳು) ಮುಗಿಸಿ ಟೀಮಿನ ಎಲ್ಲರಿಗೂ ಪಿಡಿಎಫ್ ಕಳಿಸಿದೆ, ಪ್ರಿಂಟ್‌ಗೂ ಕೊಟ್ಟೆ.

ಮನೆಗೆ ಬಂದು ಮಲಗಿದರೂ ಕಾಂಪ್ಸ್ ಪುಟದ (ಅದೇ ಥರದ ಬೇರೆ ಕಂಪನಿಗಳ ಬೆಲೆ ಹೋಲಿಸುವ ಪುಟ) ಒಂದು ಸಂಖ್ಯೆ ತಲೆಯಿಂದ ಹೋಗಲೇ ಇಲ್ಲ. ಒಂಬತ್ತು ಕಂಪನಿಗಳಲ್ಲಿ ಎಂಟರ ಮಲ್ಟಿಪಲ್ (ಕಂಪನಿಯ ಬೆಲೆ ಅದರ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ) 9ರಿಂದ 12ರ ಒಳಗಿದೆ, ಒಂದರದ್ದು ಮಾತ್ರ 7.8. ಎದ್ದು ಲ್ಯಾಪ್‌ಟಾಪ್ ತೆಗೆದು ಆ ಕಂಪನಿಯ ವಾರ್ಷಿಕ ವರದಿ ನೋಡಿದೆ. ಕಳೆದ ವರ್ಷ ಅವರು ಒಂದು ಕಾರ್ಖಾನೆ ಮಾರಿದ್ದಾರೆ. ಅದರಿಂದ ಬಂದ 200 ಮಿಲಿಯನ್ ಲಾಭ 'ಇತರೆ ಆದಾಯ' ಅಂತ ಆಪರೇಟಿಂಗ್ ಲಾಭದ ಒಳಗೇ ಕೂತಿದೆ. ನಾನು ಅದನ್ನು ತೆಗೆದೇ ಇಲ್ಲ. ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) 600 ಅಂತ ಹಾಕಿದ್ದೇನೆ, ಇರಬೇಕಾದದ್ದು 400. ಎಂಟರ್‌ಪ್ರೈಸ್ ವ್ಯಾಲ್ಯೂ (ಸಾಲವೂ ಸೇರಿ ಇಡೀ ಕಂಪನಿಯ ಬೆಲೆ) 4,680. ಅಂದರೆ ಮಲ್ಟಿಪಲ್ 7.8 ಅಲ್ಲ, 11.7. (ಸಂಖ್ಯೆಗಳನ್ನೆಲ್ಲ ಬದಲಾಯಿಸಿ ಬರೆಯುತ್ತಿದ್ದೇನೆ.)

ಇದರಿಂದ ಮೀಡಿಯನ್ (ಕ್ರಮವಾಗಿ ಇಟ್ಟಾಗ ನಟ್ಟನಡುವಿನ ಸಂಖ್ಯೆ) 10.4ರಿಂದ 10.9ಕ್ಕೆ ಏರುತ್ತದೆ. ಬರೀ ಅರ್ಧ ಅಲ್ವಾ ಅನ್ನಿಸಬಹುದು. ಆದರೆ ಕ್ಲೈಂಟ್‌ನ ಎಬಿಟ್ಡಾ 300. ಮಾರಲು ಹೊರಟವರ ಮುಂದೆ ಅವರ ಕಂಪನಿಯ ಬೆಲೆಯನ್ನೇ 150 ಮಿಲಿಯನ್ ಕಡಿಮೆ ತೋರಿಸಲು ಹೊರಟಿದ್ದೇವೆ.

ಈ ಪುಟವನ್ನು ನನ್ನ ಮೇಲಿನ ಅಸೋಸಿಯೇಟ್ ನೋಡಿದ್ದಾರೆ, ಅವರ ಮೇಲಿನ ವಿಪಿ ನೋಡಿದ್ದಾರೆ. ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಇದು ಗೊತ್ತಿರುವುದು ನನಗೊಬ್ಬನಿಗೇ. ಹೋದ ತಿಂಗಳು ಒಂದು ಅಡಿಟಿಪ್ಪಣಿ ತಪ್ಪಾಗಿದ್ದಕ್ಕೆ ವಿಪಿ ಇಡೀ ಟೀಮಿನ ಎದುರು ಕೂಗಾಡಿದ್ದರು. ಈ ಹೊತ್ತಿನಲ್ಲಿ ಫೋನ್ ಮಾಡಿ ಎಬ್ಬಿಸುವುದಾ, ಬೆಳಿಗ್ಗೆ ಹೇಳುವುದಾ, ಏನೂ ತೋಚುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.


ಕೊನೇ ವರ್ಷನ್ | ರಾತ್ರಿ 1:28

ಗಾಬರಿ ಆಗಬೇಡಿ. ಪುಟ ಸರಿ ಮಾಡಿ, ಹೊಸ ವರ್ಷನ್ ನಂಬರ್ ಹಾಕಿ, 'ಸಣ್ಣಪುಟ್ಟ ತಿದ್ದುಪಡಿ ಆಗಿದೆ, ಇದನ್ನೇ ಬಳಸಿ' ಅಂತ ಕಳಿಸಿಬಿಡಿ. ರಾತ್ರಿ ಹೊತ್ತು ಎಷ್ಟೋ ವರ್ಷನ್ ಓಡಾಡುತ್ತವೆ, ಯಾರೂ ಕೇಳುವುದಿಲ್ಲ. ನಾನು ಎರಡು ವರ್ಷ ಈ ಕೆಲಸ ಮಾಡಿದ್ದೇನೆ. ತಪ್ಪು ಒಪ್ಪಿಕೊಂಡದ್ದು ವರ್ಷದ ಕೊನೆಯ ರಿವ್ಯೂ ತನಕ ನೆನಪಿರುತ್ತದೆ. ಬೋನಸ್ ಕೂಡ ಅದರ ಮೇಲೇ ನಿಂತಿರುತ್ತದೆ.


ಹಳೇ ಅಸೋಸಿಯೇಟ್ | ರಾತ್ರಿ 1:36

ಮೇಲಿನ ಸಲಹೆ ಕೇಳಬೇಡಿ. ಫೋನ್ ಎತ್ತಿಕೊಂಡು ಅಸೋಸಿಯೇಟ್‌ಗೆ ಈಗಲೇ ಕರೆ ಮಾಡಿ, ಆಮೇಲೆ ಬಂದು ಉಳಿದದ್ದನ್ನು ಓದಿ.

ಯಾಕೆ ಅಂತ ಹೇಳುತ್ತೇನೆ. ನೀವು 11ಕ್ಕೆ ಕಳಿಸಿದ ಪಿಡಿಎಫ್ ಅನ್ನು ಎಂಡಿ (ವಿಪಿಗಿಂತ ಮೇಲಿನವರು, ಕ್ಲೈಂಟ್ ಎದುರು ಮಾತಾಡುವವರು) ಮಲಗುವ ಮುಂಚೆಯೇ ಓದಿರಬಹುದು. ಅವರು ಎಲ್ಲ ಪುಟ ಓದುವುದಿಲ್ಲ, ಆದರೆ ವ್ಯಾಲ್ಯುಯೇಷನ್ ಪುಟವನ್ನು ಓದೇ ಓದುತ್ತಾರೆ. 10.4 ಅನ್ನುವುದು ಈಗಾಗಲೇ ಅವರ ತಲೆಯಲ್ಲಿದೆ. ನೀವು ಸುಮ್ನೆ ಪುಟ ಬದಲಾಯಿಸಿ 'ಸಣ್ಣಪುಟ್ಟ ತಿದ್ದುಪಡಿ' ಅಂದರೆ, ಬೆಳಿಗ್ಗೆ ಕ್ಲೈಂಟ್ ಎದುರು ಬಾಯಲ್ಲಿ ಒಂದು ಸಂಖ್ಯೆ, ಕಾಗದದಲ್ಲಿ ಇನ್ನೊಂದು.

ನಾನು ಮೊದಲ ವರ್ಷದಲ್ಲಿ ಇದನ್ನೇ ಮಾಡಿದ್ದೆ. ಒಂದು ಕಂಪನಿಯ ಷೇರು ಲೆಕ್ಕದಲ್ಲಿ ಉದ್ಯೋಗಿಗಳ ಸ್ಟಾಕ್ ಆಪ್ಷನ್ (ಮುಂದೆ ಷೇರು ಕೊಳ್ಳುವ ಹಕ್ಕು) ಬಿಟ್ಟುಹೋಗಿತ್ತು. ರಾತ್ರಿಯೇ ಗೊತ್ತಾಯಿತು, ಹೆದರಿ ಯಾರಿಗೂ ಹೇಳದೆ ಪುಟ ಬದಲಿಸಿದೆ. ಮೀಟಿಂಗ್‌ನಲ್ಲಿ ಎಂಡಿ ಹಳೇ ಸಂಖ್ಯೆ ಹೇಳಿದರು. ಕ್ಲೈಂಟ್ ಕಡೆಯ ಹಣಕಾಸು ಮುಖ್ಯಸ್ಥರು ತಮ್ಮ ಮುಂದಿದ್ದ ಪುಟದ ಮೇಲೆ ಬೆರಳಿಟ್ಟು 'ಇಲ್ಲಿ ಬೇರೆ ಇದೆಯಲ್ಲ' ಅಂದರು. ಎಂಡಿ ಪುಟ ನೋಡಿದರು, ಆಮೇಲೆ ತಿರುಗಿ ನನ್ನನ್ನು ನೋಡಿದರು. ಹೊರಗೆ ಬಂದ ಮೇಲೆ ಅವರು ಕೂಗಾಡಲಿಲ್ಲ. 'ತಪ್ಪು ಮಾಡಿದ್ದಕ್ಕೆ ಬೇಜಾರಿಲ್ಲ, ಗೊತ್ತಿದ್ದೂ ನನ್ನನ್ನು ಹಾಗೇ ಒಳಗೆ ಕಳಿಸಿದೆಯಲ್ಲ' ಅಂದರು, ಅಷ್ಟೇ. ಅದಾದ ಮೇಲೆ ಆರು ತಿಂಗಳು ನಾನು ಕೊಟ್ಟ ಪ್ರತಿ ಸಂಖ್ಯೆಯನ್ನೂ ಇನ್ನೊಬ್ಬರಿಗೆ ಕೊಟ್ಟು ಪರೀಕ್ಷೆ ಮಾಡಿಸುತ್ತಿದ್ದರು. ಅದನ್ನು ನೋಡಿಕೊಂಡು ಕೂತಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗುವುದು ಬೇಡ.

ಈಗ ನಿಮ್ಮ ವಿಷಯ. ಕ್ಲೈಂಟ್ ಕೈಗೆ ಇನ್ನೂ ಏನೂ ಹೋಗಿಲ್ಲ, ಎಂಟು ಗಂಟೆಗಿಂತ ಜಾಸ್ತಿ ಸಮಯ ಇದೆ. ಮೊದಲು ಪ್ರಿಂಟ್ ನಿಲ್ಲಿಸಿ. ಅಸೋಸಿಯೇಟ್‌ಗೆ ಮೆಸೇಜ್ ಹಾಕಿ ಕಾಯಬೇಡಿ, ಕರೆಯೇ ಮಾಡಿ, ಎತ್ತದಿದ್ದರೆ ಮತ್ತೆ ಮಾಡಿ. ವಿಪಿಗೆ ನೇರವಾಗಿ ಹೋಗಬೇಡಿ. ಅಸೋಸಿಯೇಟ್‌ಗೆ ಮೊದಲು ಗೊತ್ತಾಗಬೇಕು, ಆ ಪುಟವನ್ನು ನೋಡಿ ಒಪ್ಪಿದವರು ಅವರೇ. ಆಮೇಲೆ ಎಲ್ಲರಿಗೂ ಹೋಗುವ ಮೇಲ್ ನಾಲ್ಕು ಸಾಲು ಇದ್ದರೆ ಸಾಕು: ಯಾವ ಪುಟ, ಮೊದಲು ಏನಿತ್ತು, ಈಗ ಏನಾಗಿದೆ, ಯಾಕೆ. 'ಕ್ಷಮಿಸಿ' ಒಂದೇ ಸಲ. ನಿದ್ದೆ ಇರಲಿಲ್ಲ, ಟೈಮ್ ಇರಲಿಲ್ಲ ಅಂತ ಏನೂ ಬರೆಯಬೇಡಿ. ಬದಲಾದ ಪುಟಗಳನ್ನು ಬೇರೆಯಾಗಿ ಮೇಲೆ ಲಗತ್ತಿಸಿ, ಇಡೀ ಡೆಕ್ ಆಮೇಲೆ.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಎಕ್ಸೆಲ್‌ಗೆ ಲಿಂಕ್ ಆಗಿರುವ ಟೇಬಲ್ ತಾನೇ ಬದಲಾಗುತ್ತದೆ, ಕೈಯಲ್ಲಿ ಟೈಪ್ ಮಾಡಿದ ವಾಕ್ಯ ಬದಲಾಗುವುದಿಲ್ಲ. ಡೆಕ್ ಪೂರ್ತಿ 10.4 ಅಂತ ಹುಡುಕಿ. ಮೊದಲ ಸಾರಾಂಶ ಪುಟದಲ್ಲಿ ಇದ್ದೇ ಇರುತ್ತದೆ. ಫುಟ್‌ಬಾಲ್ ಫೀಲ್ಡ್ ಚಾರ್ಟ್‌ನಲ್ಲಿ (ಬೇರೆ ಬೇರೆ ವಿಧಾನಗಳಲ್ಲಿ ಬರುವ ಬೆಲೆಯನ್ನು ಅಡ್ಡಪಟ್ಟಿಗಳಾಗಿ ತೋರಿಸುವ ಚಿತ್ರ) ಕಾಂಪ್ಸ್ ಪಟ್ಟಿಯ ಎಡಬಲ ತುದಿಗಳನ್ನೂ ನೋಡಿ. 7.8ನ್ನು ಕಡಿಮೆ ತುದಿಯಾಗಿ ಬಳಸಿದ್ದರೆ ಅದೂ ಸರಿಯಬೇಕು.

ಮತ್ತೆ, ಇಲ್ಲಿ ಇನ್ನು ಯಾವ ವಿವರವನ್ನೂ ಹಾಕಬೇಡಿ. ಸಂಖ್ಯೆ ಬದಲಿಸಿದ್ದರೂ ಬೇಡ. ಮಾರಾಟಕ್ಕೆ ಹೊರಟ ಕಂಪನಿಯ ಸುದ್ದಿ ಹೊರಗೆ ಬಿದ್ದರೆ ಕಾಂಪ್ಸ್ ತಪ್ಪಿಗಿಂತ ಎಷ್ಟೋ ದೊಡ್ಡ ತೊಂದರೆ. ಪ್ರತಿ ಪ್ರಾಜೆಕ್ಟ್‌ಗೂ ಕೋಡ್ ಹೆಸರು ಇಡುವುದು ಅದಕ್ಕೇ.


ಕೆಂಪು ಪೆನ್ನು | ರಾತ್ರಿ 1:52

ಹೇಳಿ ಅನ್ನುವುದಕ್ಕೆ ನನ್ನದೂ ಮತ ಇದೆ, ಅದರ ಬಗ್ಗೆ ಮತ್ತೆ ಬರೆಯುವುದಿಲ್ಲ. ಆದರೆ ಒಂದು ತಪ್ಪು ಸಿಕ್ಕಿತು ಅಂತ ಹೇಳಿ, ಬೆಳಿಗ್ಗೆ ಎಂಟಕ್ಕೆ ಇನ್ನೊಂದು ಸಿಕ್ಕಿದರೆ ಆಗ ನಿಜಕ್ಕೂ ಕಷ್ಟ. ಅದಕ್ಕೆ ಈ ರಾತ್ರಿಯೇ ಉಳಿದ ಎಂಟು ಕಂಪನಿಗಳನ್ನೂ ಒಂದು ಸಲ ನೋಡಿಬಿಡಿ, ಪ್ರತಿಯೊಂದಕ್ಕೂ ಐದು ನಿಮಿಷ ಸಾಕು.

ಹೇಗೆ ಅಂದರೆ, ಲಾಭನಷ್ಟ ಪಟ್ಟಿಯಿಂದ ಶುರು ಮಾಡಬೇಡಿ. ಅಲ್ಲಿ ಇಂಥದ್ದೆಲ್ಲ 'ಇತರೆ' ಅನ್ನುವ ಒಂದು ಸಾಲಿನಲ್ಲಿ ಅಡಗಿರುತ್ತದೆ. ಕ್ಯಾಶ್ ಫ್ಲೋ ಪಟ್ಟಿ ತೆಗೆಯಿರಿ. ಅದು ಲಾಭದಿಂದ ಶುರುವಾಗಿ, ನಗದಲ್ಲದ ಬಾಬುಗಳನ್ನೂ ವ್ಯವಹಾರದಿಂದ ಬರದವನ್ನೂ ಒಂದೊಂದಾಗಿ ಕೂಡಿಸಿ ಕಳೆಯುತ್ತಾ ಹೋಗುತ್ತದೆ. ಆಸ್ತಿ ಮಾರಿದ ಲಾಭ ಇದ್ದರೆ ಅಲ್ಲಿ ಅದೇ ಹೆಸರಿನಲ್ಲಿ, ಮೈನಸ್ ಚಿಹ್ನೆಯ ಜೊತೆ ಬೇರೆ ಸಾಲಾಗಿ ಕಾಣುತ್ತದೆ. ನಷ್ಟ, ರೈಟ್‌ಆಫ್ ಇದ್ದರೆ ಪ್ಲಸ್. ನಾನು ಕಾಂಪ್ಸ್ ಹಾಕುವಾಗ ಮೊದಲು ತೆರೆಯುವುದೇ ಆ ಪುಟ. ಡೇಟಾ ಸರ್ವಿಸ್‌ನಿಂದ ಎಳೆದುಕೊಂಡ ಎಬಿಟ್ಡಾವನ್ನು ಅದು ಎಷ್ಟೇ ಚೆನ್ನಾಗಿ ಕಂಡರೂ ನಂಬುವುದಿಲ್ಲ.

ಎರಡನೆಯದು ವರ್ಷದ ಕೊನೆ. ಎಂಟು ಕಂಪನಿಗಳ ಲೆಕ್ಕ ಡಿಸೆಂಬರ್‌ಗೆ ಮುಗಿದು ಒಂದರದ್ದು ಮಾರ್ಚ್‌ಗೆ ಮುಗಿದರೆ, ಸುಮ್ನೆ ಪಕ್ಕಪಕ್ಕ ಇಡುವ ಹಾಗಿಲ್ಲ. ಆ ಕಂಪನಿಯ 2024ರ ಕ್ಯಾಲೆಂಡರ್ ವರ್ಷ ಬೇಕಾದರೆ, ಮಾರ್ಚ್ 2024ಕ್ಕೆ ಮುಗಿದ ವರ್ಷದ ಹನ್ನೆರಡರಲ್ಲಿ ಮೂರು ಭಾಗ, ಮಾರ್ಚ್ 2025ಕ್ಕೆ ಮುಗಿದ ವರ್ಷದ ಹನ್ನೆರಡರಲ್ಲಿ ಒಂಬತ್ತು ಭಾಗ. ಈ ಎರಡನ್ನು ತಿರುಗುಮುರುಗು ಮಾಡಿದವರನ್ನು ಬಹಳ ನೋಡಿದ್ದೇನೆ.

ಮಾಡೆಲ್‌ನಲ್ಲಿ ಕೈಯಿಂದ ಟೈಪ್ ಮಾಡಿದ ಸಂಖ್ಯೆ ನೀಲಿ, ಫಾರ್ಮುಲಾ ಕಪ್ಪು, ಅದು ಎಲ್ಲರಿಗೂ ಗೊತ್ತು. ಅದರ ಜೊತೆ ಪ್ರತಿ ನೀಲಿ ಸಂಖ್ಯೆಯ ಪಕ್ಕ ವರದಿಯ ಪುಟದ ಸಂಖ್ಯೆಯನ್ನೂ ಬರೆಯಿರಿ. ಕೊನೆಯಲ್ಲಿ ಪರದೆ ಮೇಲೆ ನೋಡಬೇಡಿ, ಪ್ರಿಂಟ್ ತೆಗೆದು ಒಂದೊಂದು ಸಂಖ್ಯೆಗೂ ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋಗಿ. ಪರದೆಯ ಮೇಲೆ ಕಣ್ಣು ಜಾರಿಹೋಗುತ್ತದೆ. ಕಾಗದದ ಮೇಲೆ ಟಿಕ್ ಬೀಳದ ಸಂಖ್ಯೆ ಬೇರೆಯಾಗಿ ನಿಂತು ಕಾಣುತ್ತದೆ.


ಮೊದಲ ವರ್ಷ | ರಾತ್ರಿ 2:10

ಕರೆ ಮಾಡಿದೆ. ಮೂರನೇ ಸಲಕ್ಕೆ ಎತ್ತಿದರು. ಪೂರ್ತಿ ಕೇಳಿಸಿಕೊಂಡು ಒಂದೆರಡು ಕ್ಷಣ ಸುಮ್ಮನಿದ್ದರು, ಆಮೇಲೆ 'ಸರಿ, ನಾನೂ ಲಾಗಿನ್ ಆಗುತ್ತೇನೆ, ಎಂಟರಲ್ಲಿ ನಾಲ್ಕು ನೀನು ನೋಡು, ನಾಲ್ಕು ನಾನು' ಅಂದರು. ಪ್ರಿಂಟ್ ನಿಂತಿದೆ. ಹೇಳಿದ ಹಾಗೆಯೇ ಸಾರಾಂಶ ಪುಟದಲ್ಲಿ 10.4 ಎರಡು ಕಡೆ ಇತ್ತು. ಕ್ಯಾಶ್ ಫ್ಲೋ ಪುಟ ತೆಗೆದು ಕೂತಿದ್ದೇನೆ.


ಕೊನೇ ವರ್ಷನ್ | ರಾತ್ರಿ 2:15

ಎಂಡಿ ಆಗಲೇ ಓದಿರಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ. ನನ್ನ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ರಿವ್ಯೂ ಬಗ್ಗೆ ಹೇಳಿದ್ದು ನಿಜ. ಕೆಲವು ಟೀಮುಗಳಲ್ಲಿ ಹೇಳಿದವರಿಗೇ ಪೆಟ್ಟು ಬೀಳುತ್ತದೆ. ನಾನು ಬಿಟ್ಟದ್ದೂ ಅಂಥ ಟೀಮನ್ನೇ.


ಕಾಯುವ ಕೆಲಸ | ಬೆಳಿಗ್ಗೆ 6:45

ಈಗ ನೋಡಿದೆ. ಹೇಳಿದ್ದು ಸರಿಯಾಯಿತು. ಆದರೆ ಇಂಥ ತಪ್ಪು ಹುಟ್ಟುವ ಜಾಗದ ಬಗ್ಗೆ ಯಾರೂ ಮಾತಾಡಿಲ್ಲ, ಅದನ್ನು ಹೇಳದೆ ಹೋಗಲು ಮನಸ್ಸಾಗುತ್ತಿಲ್ಲ.

2021ರ ಆರಂಭದಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಮೊದಲ ವರ್ಷದ 13 ಅನಲಿಸ್ಟ್‌ಗಳು ತಮ್ಮೊಳಗೇ ಒಂದು ಸರ್ವೆ ಮಾಡಿ ಮೇಲಿನವರಿಗೆ ತೋರಿಸಿದ್ದು ಹೊರಗೆ ಬಂತು, ನೆನಪಿರಬಹುದು. ವಾರಕ್ಕೆ ಸರಾಸರಿ 95 ಗಂಟೆ ಕೆಲಸ, ರಾತ್ರಿಗೆ 5 ಗಂಟೆ ನಿದ್ದೆ. ಭಾನುವಾರವೂ ಸೇರಿ ದಿನಕ್ಕೆ ಹದಿಮೂರೂವರೆ ಗಂಟೆ ಆಯಿತು. ಅವರು ಕೇಳಿದ್ದು ವಾರಕ್ಕೆ 80 ಗಂಟೆಯ ಮಿತಿ. 2024ರಲ್ಲಿ ಜೆಪಿ ಮಾರ್ಗನ್ ಕಿರಿಯರಿಗೆ ಹೆಚ್ಚಿನ ಸಂದರ್ಭಗಳಲ್ಲಿ 80 ಗಂಟೆ ಅಂತ ಮಿತಿ ಹಾಕಿತು, ನಡೆಯುತ್ತಿರುವ ಡೀಲ್ ಇದ್ದರೆ ವಿನಾಯಿತಿ. ಡೀಲ್ ಇದ್ದಾಗಲೇ ಅಲ್ವಾ ಮಿತಿ ಬೇಕಾಗುವುದು?

ಆದರೆ ನಾಲ್ಕು ವರ್ಷ ಈ ಕೆಲಸ ಮಾಡಿ ನನಗೆ ಅನ್ನಿಸಿದ್ದು, ದೇಹವನ್ನು ಮುರಿಯುವುದು ಬರೀ ಗಂಟೆಗಳಲ್ಲ, ಕಾಯುವುದು. ಮಧ್ಯಾಹ್ನ ಎರಡಕ್ಕೆ ಡ್ರಾಫ್ಟ್ ಕಳಿಸಿರುತ್ತೇವೆ. ವಿಪಿ ಮೀಟಿಂಗ್, ಕರೆ, ಪ್ರಯಾಣ ಅಂತ ಇರುತ್ತಾರೆ. ಆರು ಗಂಟೆ ಏನೂ ಬರುವುದಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ರಾತ್ರಿ ಎಂಟೂವರೆಗೆ ನಲವತ್ತು ಪುಟದ ಸ್ಕ್ಯಾನ್ ಬರುತ್ತದೆ, ಪ್ರತಿ ಪುಟದ ಮೇಲೂ ಕೈಬರಹದ ಕಾಮೆಂಟ್, ಬೆಳಿಗ್ಗೆಗೆ ಬೇಕು. ತಪ್ಪು ಆಗುವುದು ಆಗ. ಲೋಗೋ ಸರಿಸುತ್ತಾ, ಬಣ್ಣ ಬದಲಿಸುತ್ತಾ ಮೂರು ಗಂಟೆ ಕಳೆದ ಮೇಲೆ 7.8 ಅನ್ನುವುದು ಕಣ್ಣಿಗೆ ಸಂಖ್ಯೆಯಾಗಿ ಕಾಣುವುದೇ ಇಲ್ಲ. ನಿಮಗೆ ಅದು ಕಂಡದ್ದು ಹಾಸಿಗೆಯಲ್ಲಿ ಮಲಗಿದಾಗ, ಯೋಚಿಸಿ ನೋಡಿ.

ಅದಕ್ಕೆ ನಾನು ಮಾಡಿಕೊಂಡ ಅಭ್ಯಾಸ ಎರಡು. ಆ ಖಾಲಿ ಮಧ್ಯಾಹ್ನದಲ್ಲೇ ಸಂಖ್ಯೆಗಳನ್ನೆಲ್ಲ ಪರೀಕ್ಷೆ ಮಾಡಿ ಮುಗಿಸುವುದು, ರಾತ್ರಿಗೆ ಇಡದೆ. ಮತ್ತೆ ನಾಲ್ಕು ಗಂಟೆಗೆ ವಿಪಿ ಹತ್ತಿರ ಹೋಗಿ 'ಎಷ್ಟು ಹೊತ್ತಿಗೆ ನೋಡುತ್ತೀರಿ, ಅದಕ್ಕೆ ತಕ್ಕ ಹಾಗೆ ಉಳಿದ ಕೆಲಸ ಇಟ್ಟುಕೊಳ್ಳುತ್ತೇನೆ' ಅಂತ ನೇರವಾಗಿ ಕೇಳುವುದು. ಮೊದಲ ಸಲ ಕೇಳುವಾಗ ಗಂಟಲು ಒಣಗಿತ್ತು. ಅವರು ಗಡಿಯಾರ ನೋಡಿ ಆರಕ್ಕೇ ನೋಡಿಕೊಟ್ಟರು. ಎಲ್ಲ ವಿಪಿಗಳೂ ಹಾಗೆ ಮಾಡುವುದಿಲ್ಲ, ಆದರೂ ಕೇಳಿ.


ಮೊದಲ ವರ್ಷ | ಮಧ್ಯಾಹ್ನ 3:40

ಎಲ್ಲರಿಗೂ ಥ್ಯಾಂಕ್ಸ್. ಉಳಿದ ಎಂಟರಲ್ಲಿ ಇನ್ನೊಂದು ತಪ್ಪು ಸಿಗಲಿಲ್ಲ. ರಾತ್ರಿ ಮೂರು ಗಂಟೆಗೆ ಮೇಲ್ ಹೋಯಿತು, ಬೆಳಿಗ್ಗೆ ಆರೂವರೆಗೆ ಹೊಸ ಪ್ರತಿಗಳು ಪ್ರಿಂಟ್ ಆದವು. ವಿಪಿ ಒಂದೇ ಸಾಲು ಉತ್ತರ ಬರೆದರು, 'ನೋಡಿದೆ, ಬೇರೆ ಯಾವ ಪುಟ ಬದಲಾಗಿದೆ?' ಅಂತ. ಒಂಬತ್ತಕ್ಕೆ ಎದುರು ಸಿಕ್ಕಾಗ ಮುಖ ಗಂಟಿಕ್ಕಿಕೊಂಡೇ ಇದ್ದರು, ಕೂಗಾಡಲಿಲ್ಲ. ಎಂಡಿ ಕಾರಿನಿಂದ ಅಸೋಸಿಯೇಟ್‌ಗೆ ಕರೆ ಮಾಡಿ ಆ ಕಾರ್ಖಾನೆ ಮಾರಿದ್ದು ಯಾವ ತಿಂಗಳು ಅಂತ ಕೇಳಿದರಂತೆ. ಅವರು ರಾತ್ರಿಯೇ ಪುಟ ಓದಿದ್ದರು. ಮೀಟಿಂಗ್‌ನಲ್ಲಿ ನಾನಿರಲಿಲ್ಲ, ಕೆಲಸ ನಮಗೆ ಸಿಗುತ್ತದಾ ಇಲ್ಲವಾ ಇನ್ನೂ ಗೊತ್ತಿಲ್ಲ. ರಿವ್ಯೂನಲ್ಲಿ ಏನು ಬರುತ್ತದೋ ಅದೂ ಗೊತ್ತಿಲ್ಲ. ನನ್ನನ್ನು ಈಗ ಮನೆಗೆ ಹೋಗಿ ಮಲಗು ಅಂದಿದ್ದಾರೆ.

ಹೊರಡುವ ಮುಂಚೆ ಕೆಂಪು ಪೆನ್ನು ಅವರಿಗೆ ಒಂದು ಪ್ರಶ್ನೆ. ರಾತ್ರಿ ನೋಡುವಾಗ ಒಂದು ಕಂಪನಿಗೆ ಕನ್ವರ್ಟಿಬಲ್ ಬಾಂಡ್ (ಮುಂದೆ ಷೇರಾಗಿ ಬದಲಾಯಿಸಿಕೊಳ್ಳಬಹುದಾದ ಸಾಲಪತ್ರ) ಇರುವುದು ಕಂಡಿತು. ಅದನ್ನು ಸಾಲ ಅಂತ ಹಾಕಬೇಕಾ, ಷೇರಿನ ಲೆಕ್ಕಕ್ಕೆ ಸೇರಿಸಬೇಕಾ?


ಕೆಂಪು ಪೆನ್ನು | ಸಂಜೆ 4:05

ಈಗಿನ ಷೇರು ಬೆಲೆ ಕನ್ವರ್ಷನ್ ಬೆಲೆಗಿಂತ (ಬಾಂಡ್ ಷೇರಾಗಿ ಬದಲಾಗಲು ನಿಗದಿಯಾದ ಬೆಲೆ) ಮೇಲಿದ್ದರೆ ಷೇರಿಗೆ ಸೇರಿಸಿ, ಸಾಲದಿಂದ ತೆಗೆಯಿರಿ. ಕೆಳಗಿದ್ದರೆ ಸಾಲವಾಗಿಯೇ ಬಿಡಿ. ಎರಡೂ ಕಡೆ ಮಾತ್ರ ಹಾಕಬೇಡಿ. ಉಳಿದದ್ದು ನಾಳೆ ಕೇಳಿ, ಈಗ ಹೋಗಿ ಮಲಗಿ.