ರಸ್ತೆಯಿಂದ ಒಂದೂಕಾಲು ಕಿಲೋಮೀಟರ್ ಒಳಗಿನ ಮನೆಗೆ ಫೈಬರ್: ಹಾಕಿಸಿಕೊಂಡವರು ಅನುಭವ ಹೇಳಿ

ತೋಟದಂಚು, ಹೊಸನಗರ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಟಾರು ರಸ್ತೆಯಿಂದ ಒಂದೂಕಾಲು ಕಿಲೋಮೀಟರ್ ಒಳಗಿದೆ. ರಸ್ತೆ ತನಕ ಫೈಬರ್ ಬಂದಿದೆ. ತಿರುವಿನ ಕರೆಂಟ್ ಕಂಬದಲ್ಲಿ ಡಬ್ಬಿ ನೇತಾಡುವುದು ಕಾಣುತ್ತದೆ. ಅರ್ಜಿ ಕೊಟ್ಟು ಒಂದು ಮಳೆಗಾಲ ಕಳೆಯಿತು. ಮೊದಲು ಪೋರ್ಟ್ ಖಾಲಿ ಇಲ್ಲ ಎಂದರು. ಈಗ ಪೋರ್ಟ್ ಇದೆ, ಕೇಬಲ್ ಮಾತ್ರ ನಿಮ್ಮ ಖರ್ಚು ಎನ್ನುತ್ತಾರೆ. ನಡುವೆ ಪಕ್ಕದವರ ತೋಟ, ಒಂದು ಹಳ್ಳ, ಸ್ವಲ್ಪ ಸೊಪ್ಪಿನ ಬೆಟ್ಟ ಇದೆ. ಮಗಳಿಗೆ ಊರಿನಿಂದಲೇ ಕೆಲಸ ಮಾಡಲು ಕಂಪನಿ ಒಪ್ಪಿದೆ, ನೆಟ್ ಸರಿ ಇದ್ದರೆ ಮಾತ್ರ. ಯಜಮಾನರು ದುಡ್ಡು ದಂಡ ಅಂತಾರೆ. ಹಾಕಿಸಬಹುದಾ, ಅಥವಾ ಟವರ್‌ನಿಂದ ನೆಟ್ ಹಿಡಿಯುವ ಏರ್‌ಫೈಬರ್ ನೋಡಬೇಕಾ? ಮೊಬೈಲ್ ಸಿಗ್ನಲ್ ಅಟ್ಟದ ಮೇಲೆ ಮಾತ್ರ, ಅದೂ 4ಜಿ.

ಹೆಗಡೆ, ಸಿದ್ದಾಪುರ
ಹಾಕಿಸಿ. ಯೋಚನೆ ಮಾಡುತ್ತಾ ಕೂತರೆ ಇನ್ನೊಂದು ಮಳೆಗಾಲ ಹೋಗುತ್ತದೆ. ನಾನು 2021ರಲ್ಲಿ ಹಾಕಿಸಿದೆ. ಅದರ ಹಿಂದಿನ ವರ್ಷ ನಮ್ಮೂರ ಮಕ್ಕಳು ಗುಡ್ಡದ ತಲೆಯ ಮೇಲೆ ಕೊಡೆ ಹಿಡಿದು ಆನ್‌ಲೈನ್ ಕ್ಲಾಸ್ ಕೇಳಿದವರು. ಲೆಕ್ಕದ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ, ಬೇಕಾದವರು ಕೂಡಿಸಿ ನೋಡಿ. ನಾಲ್ಕು ಕೋರ್, ಅಂದರೆ ನಾಲ್ಕು ಗಾಜಿನ ಎಳೆಯ ಕೇಬಲ್ 900 ಮೀಟರ್, ಮೀಟರಿಗೆ 11ರಂತೆ 9,900. ಜಿಐ ಪೈಪಿನ ಕಂಬ 14, ಒಂದಕ್ಕೆ 850, ಒಟ್ಟು 11,900. ಗುಂಡಿ ತೆಗೆದ ಕೂಲಿ 3,600. ಕ್ಲಾಂಪ್, ಬಿಗಿಯುವ ತಂತಿ 1,150. ಮನೆಯೊಳಗೆ ಫೈಬರ್ ಸಿಕ್ಕಿಸುವ ಡಬ್ಬಿ, ಒಎನ್‌ಟಿ, 2,400. ಜಾಯಿಂಟ್ ಮಾಡಿದವನಿಗೆ 1,000. ಎಲ್ಲ ಸೇರಿ 29,950. ಆಳುಗಳ ಊಟ, ಚಹಾ ಇದರಲ್ಲಿ ಇಲ್ಲ. ಒಂದೇ ಕೋರ್ ಸಾಕು ಅಂತ ಎಲ್ಲರೂ ಹೇಳಿದರು, ನಾನು ಕೇಳಲಿಲ್ಲ. ಕಳೆದ ವರ್ಷ ಒಂದು ಕೋರ್ ಸತ್ತಿತು. ಎರಡನೆಯದಕ್ಕೆ ಬದಲಿಸಿಕೊಂಡೆವು, ಸಂಜೆಯೊಳಗೆ ನೆಟ್ ಬಂತು. ಇವತ್ತಿಗೂ ಮಗ ಅಮೆರಿಕದಿಂದ ವಿಡಿಯೋ ಕಾಲ್ ಮಾಡಿದರೆ ಮುಖ ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುತ್ತದೆ.

ಕಾಫಿಕಣ, ಕೊಪ್ಪ
ಅಕ್ಕಾ, ಹೆಗಡೇರ ಮಾತು ಕೇಳಿ ಕೇಬಲ್ ತರಬೇಡಿ. ಹಾಕುವ ಖರ್ಚು ಎಲ್ಲರೂ ಹೇಳುತ್ತಾರೆ. ಆಮೇಲಿನದ್ದು ಯಾರೂ ಹೇಳಲ್ಲ. ನಮ್ಮದು 1,400 ಮೀಟರ್. ಕಂಬದ ದುಡ್ಡು ಉಳಿಸಿ ಅಂತ ಬಂದ ಹುಡುಗರೇ ಅಡಿಕೆ ಮರಕ್ಕೆ ಕಟ್ಟಿ ಹೋದರು. ಮೊದಲ ಆಷಾಢದಲ್ಲೇ ಸೋಗೆ ಹಾಳೆ ಸಮೇತ ಬಿದ್ದು ಕೇಬಲ್ ನೆಲಕ್ಕೆ ಬಂತು. ಎತ್ತಿ ಕಟ್ಟಿಸಿದೆ, 1,800. ಕೊಯ್ಲಿನ ಸಮಯದಲ್ಲಿ ಕೊನೆ ಇಳಿಸುವ ಹಗ್ಗಕ್ಕೆ ಸಿಕ್ಕಿ ತುಂಡಾಯಿತು, 1,200. ಆಮೇಲೆ ಕೆಂದಳಿಲು. ಅದಕ್ಕೆ ಆ ಕಪ್ಪು ಸಿಪ್ಪೆಯಲ್ಲಿ ಏನು ರುಚಿಯೋ, ಒಂದೇ ಕಡೆ ಅಲ್ಲ, ಉದ್ದಕ್ಕೂ ಕಡಿದಿತ್ತು. ಒಎನ್‌ಟಿಯಲ್ಲಿ ಕೆಂಪು ದೀಪ ಬಂದಾಗಲೆಲ್ಲ ಫೋನ್ ಮಾಡಿದರೆ ಒಂದೇ ಉತ್ತರ: ಕೇಬಲ್ ನಿಮ್ಮದು, ರಿಪೇರಿಯೂ ನಿಮ್ಮದು. ಆದರೆ ಬಿಲ್ ಮಾತ್ರ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ. ನೆಟ್ ಇಲ್ಲದ ದಿನಗಳ ಬಾಡಿಗೆ ಕಡಿಮೆ ಮಾಡಿ ಎಂದರೆ, ನಮ್ಮ ಕಡೆ ಲೈನ್ ಸರಿ ಇದೆ ಅಂತಾರೆ.

ಕೊನೆಗೆ ಸಿಡಿಲು. ಫೈಬರ್‌ಗೆ ಸಿಡಿಲು ತಾಗಲ್ಲ ಅಂತ ಹೇಳಿದವರು ಯಾರು? ಗಾಜಿಗೆ ತಾಗಲ್ಲ ನಿಜ. ಪಕ್ಕದಲ್ಲಿ ಓಡುವ ಉಕ್ಕಿನ ತಂತಿಗೆ ತಾಗುತ್ತದಲ್ಲ! ಒಎನ್‌ಟಿ ಹೋಯಿತು, ಲ್ಯಾನ್ ವೈರಿನಲ್ಲಿದ್ದ ಟಿವಿ ಬಾಕ್ಸೂ ಹೋಯಿತು. ಹೆಗಡೇರ ಪುಸ್ತಕದಲ್ಲಿ ಈ ಕಾಲಂ ಇದೆಯಾ?

ಹೆಗಡೆ, ಸಿದ್ದಾಪುರ
ಅಡಿಕೆ ಮರಕ್ಕೆ ಕೇಬಲ್ ಕಟ್ಟಿಸಿಕೊಂಡು ಊರಿಗೆಲ್ಲ ಬುದ್ಧಿ ಹೇಳುವುದು ಬೇರೆ. ಗಾಳಿಗೆ ಅಡಿಕೆ ಮರ ತೂಗುತ್ತದೆ ಅಂತ ಕೊಪ್ಪದಲ್ಲಿ ಗೊತ್ತಿಲ್ವಾ?

ಜಾಯಿಂಟ್ ಹುಡುಗ, ತೀರ್ಥಹಳ್ಳಿ
ನಾನು ಇದೇ ಕೆಲಸ ಮಾಡುವವನು. ಮೊದಲು ಹೆಗಡೇರಿಗೆ ಒಂದು ಪ್ರಶ್ನೆ. 900 ಮೀಟರಿಗೆ 14 ಕಂಬ ಅಂದರೆ ಕಂಬದಿಂದ ಕಂಬಕ್ಕೆ 60 ಮೀಟರ್ ಮೇಲಾಯಿತು. ಮನೆಗೆ ಎಳೆಯುವ ಡ್ರಾಪ್ ಕೇಬಲ್ ಅಷ್ಟು ದೂರ ಜೋಲದೆ ನಿಲ್ಲುತ್ತದಾ? ನಡುವೆ ಹಲಸು, ಮಾವು ಎಲ್ಲ ಲೆಕ್ಕಕ್ಕೆ ಬಂದಿರಬೇಕು, ಪುಸ್ತಕದಲ್ಲಿ ಬರೆದಿಲ್ಲ ಅಷ್ಟೇ.

ಇನ್ನು ದೂರದ ಮಾತು. ಒಂದೂಕಾಲು ಕಿಲೋಮೀಟರ್ ಫೈಬರ್‌ಗೆ ಏನೂ ಅಲ್ಲ. ಒಎಲ್‌ಟಿ, ಅಂದರೆ ಕಂಪನಿ ಕಡೆಯ ಯಂತ್ರದಿಂದ 20 ಕಿಲೋಮೀಟರ್ ತನಕ ಹೋಗುವ ತಂತ್ರಜ್ಞಾನ ಇದು. ಬೆಳಕಿನ ನಷ್ಟ ಅಳೆಯುವುದು ಡಿಬಿಯಲ್ಲಿ, ಕಿಲೋಮೀಟರಿಗೆ ಅರ್ಧ ಡಿಬಿಯೂ ಕಡಿಮೆಯಾಗಲ್ಲ. ಬೆಳಕು ತಿನ್ನುವುದು ಸ್ಪ್ಲಿಟರ್. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ 17 ಡಿಬಿ ನುಂಗುತ್ತದೆ. ಮಿಕ್ಕಿದ್ದನ್ನು ತಿನ್ನುವುದು ಕೆಟ್ಟ ಜಾಯಿಂಟು, ಮಡಚಿದ ಕೇಬಲ್, ಹಸಿರು ಕನೆಕ್ಟರ್ ಇರುವಲ್ಲಿ ಸಿಕ್ಕಿಸಿದ ನೀಲಿ ಕನೆಕ್ಟರ್. ಮನೆಯಲ್ಲಿ ಮೀಟರ್ ಹಿಡಿದಾಗ ಬೆಳಕಿನ ಪವರ್ ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27 ದಾಟಿತೋ, ಮಳೆ ಹನಿ ಬಿದ್ದರೂ ಕೆಂಪು ದೀಪ. ಜಾಯಿಂಟ್ ಮಾಡಿ ಹೋಗುವ ಮುಂಚೆ ಮೀಟರ್ ತೋರಿಸು ಅಂತ ಕೇಳಿ, ಫೋಟೊ ಹೊಡೆದಿಟ್ಟುಕೊಳ್ಳಿ. ಮುಂದೆ ಜಗಳಕ್ಕೆ ಬೇಕಾಗುತ್ತದೆ. ಉಕ್ಕಿನ ತಂತಿ ಇರುವ ಕೇಬಲ್ ಬೇಡ, ಎಫ್‌ಆರ್‌ಪಿ (ಗಾಜುನಾರಿನ ಪ್ಲಾಸ್ಟಿಕ್) ಕಡ್ಡಿ ಇರುವುದು ತನ್ನಿ.

ಕಾಫಿಕಣದವರೆ, ಅಡಿಕೆ ಮರಕ್ಕೆ ಕಟ್ಟಿದ ಹುಡುಗರನ್ನು ಬೈಯುತ್ತೀರಿ. ತಿಂಗಳಿಗೆ ನಾನೂರೈವತ್ತರ ಪ್ಲಾನ್ ತಗೊಳ್ಳುತ್ತೀರಿ. ಅರ್ಧ ನಮಗೇ ಬಂತು ಅಂದುಕೊಳ್ಳಿ, 225. ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಮಷಿನ್ 68,000 ಕೊಟ್ಟು ಸಾಲದಲ್ಲಿ ತಂದದ್ದು. ನಿಮ್ಮ ಮನೆ ತನಕ ಬೈಕ್ ಹೋಗಲ್ಲ, ಜಿಗಣೆ ಕಚ್ಚಿಸಿಕೊಂಡು ನಡೆದು ಬರಬೇಕು. ಕೆಂದಳಿಲು ಕಡಿದದ್ದಕ್ಕೂ ನಾವೇ ಹೊಣೆಯಾ?

ಕಾಫಿಕಣ, ಕೊಪ್ಪ
ಜಿಗಣೆ ಕಚ್ಚಿದ್ದಕ್ಕೆ ನಾನು ಹೊಣೆಯಾ ತಮ್ಮಾ? ಪ್ರತಿ ಸಲ ಕೇಳಿದಷ್ಟು ಕೊಟ್ಟಿದ್ದೇನೆ, ಊಟ ಹಾಕಿ ಕಳಿಸಿದ್ದೇನೆ. ಮೀಟರ್ ಅಂತ ಒಂದು ಇದೆ ಅಂತಲೇ ಯಾರೂ ತೋರಿಸಲಿಲ್ಲ.

ಎರೆಹೊಲ, ಗದಗ
ನಿಮ್ಮದೆಲ್ಲ ಅಳಿಲಿನ ಕಥೆ, ನಮ್ಮದು ಜೆಸಿಬಿ ಕಥೆ. ನಮ್ಮಲ್ಲಿ ಮರ ಎಲ್ಲಿವೆ ರೀ ಕಟ್ಟಲಿಕ್ಕೆ? ನೆಲದೊಳಗೆ ಹಾಕಿಸಿದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ ಅಂತ ಪೈಪಿನಲ್ಲಿ ಕೂರಿಸಿ ಹಾಕಿಸಿದೆ. ಬರೀ ಎಚ್‌ಡಿಪಿಇ ಪೈಪಿಗೇ 16,000 ಮುಟ್ಟಿತು. ನಳದ ನೀರಿನ ಪೈಪ್ ಹಾಕಲು ಬಂದವರು ಒಂದೇ ತಾಸಿನಲ್ಲಿ ಅಗೆದು ಹರಿದರು. ಗುತ್ತಿಗೆದಾರ ಹೇಳಿದ್ದು, ಇಲ್ಲಿ ಕೇಬಲ್ ಇದೆ ಅಂತ ಕಲ್ಲು ನೆಡಬೇಕಿತ್ತು ಅಂತ. ಕಲ್ಲು ನೆಟ್ಟೆ. ಆಮೇಲೆ ರಸ್ತೆ ಅಗಲ ಮಾಡಲು ಬಂದವರು ಕಲ್ಲನ್ನೂ ಕಿತ್ತರು, ಕೇಬಲ್ಲನ್ನೂ ಕಿತ್ತರು. ಹೊಲದ ಬದುವಿನಲ್ಲಿ ಹಾಕಿಸಬಹುದಿತ್ತು ಅಂತ ಈಗ ಎಲ್ಲರೂ ಹೇಳುತ್ತಾರೆ. ಬದು ಅಣ್ಣನದು, ನಾವು ಮಾತಾಡಿ ವರ್ಷಗಳಾದವು.

ನಿವೃತ್ತ, ಶಿರಸಿ
ಎಲ್ಲರೂ ಸ್ವಂತ ದುಡ್ಡು ಸುರಿಯುವುದು ನೋಡಿ ಬೇಜಾರಾಗುತ್ತದೆ. ಹಳ್ಳಿಗಳಿಗೆ ಫೈಬರ್ ಎಳೆಯುವ ಸರ್ಕಾರಿ ಯೋಜನೆ ಭಾರತ್‌ನೆಟ್‌ಗೆ 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1.39 ಲಕ್ಷ ಕೋಟಿ ರೂಪಾಯಿ ಒಪ್ಪಿದೆ. ಪಂಚಾಯ್ತಿ ಮಾತ್ರವಲ್ಲ, ಕೇಳಿದ ಹಳ್ಳಿಗಳಿಗೂ ಕೊಡಬೇಕು, ಒಂದೂವರೆ ಕೋಟಿ ಹಳ್ಳಿ ಮನೆಗಳಿಗೆ ಸಂಪರ್ಕ ಕೊಡಬೇಕು ಅಂತ ಅದರಲ್ಲೇ ಇದೆ. ಪಂಚಾಯ್ತಿಗಳನ್ನು ರಿಂಗ್ ಮಾಡಿ ಜೋಡಿಸುತ್ತಾರೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದೆ.

ನಾನು ದೂರಿನ ದಾರಿ ಹಿಡಿದೆ. ಮೊದಲು ಕಂಪನಿಯ ಕಾಲ್ ಸೆಂಟರ್‌ನಲ್ಲಿ ದೂರಿನ ಡಾಕೆಟ್ ನಂಬರ್ ತಗೊಳ್ಳಿ. ಅದಿಲ್ಲದೆ ಮುಂದೆ ಯಾರೂ ಮಾತಾಡಲ್ಲ. ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಅಲ್ಲೂ ಆಗದಿದ್ದರೆ ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಹಾಕಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಬರೆದು ಪ್ರಯೋಜನವಿಲ್ಲ, ಅವರು ಒಬ್ಬೊಬ್ಬರ ದೂರು ತೆಗೆದುಕೊಳ್ಳಲ್ಲ. ನನಗೆ ಪೋರ್ಟಲ್‌ನಲ್ಲಿ ಹಾಕಿದ ಮೇಲೆ ಸಾಹೇಬರೇ ಫೋನ್ ಮಾಡಿದರು.

ಎರೆಹೊಲ, ಗದಗ
ಫೋನ್ ಬಂತು ಸರಿ. ನೆಟ್ ಬಂತಾ ಸರ?

ನಿವೃತ್ತ, ಶಿರಸಿ
ತಾಂತ್ರಿಕವಾಗಿ ಸಾಧ್ಯವಿಲ್ಲ ಎಂದು ಬರೆದು ದೂರು ಮುಗಿಸಿದರು. ಮತ್ತೆ ಮೇಲ್ಮನವಿ ಹಾಕಿದ್ದೇನೆ. ಬಿಡುವವನಲ್ಲ ನಾನು.

ಜಾಯಿಂಟ್ ಹುಡುಗ, ತೀರ್ಥಹಳ್ಳಿ
ರಿಂಗ್ ಇರುವುದು ಪಂಚಾಯ್ತಿ ತನಕ ಸರ್. ಮನೆಗೆ ಬರುವುದು ಒಂದೇ ಎಳೆ. ಅದು ಹರಿದರೆ ಯಾವ ಸಂಪುಟವೂ ಬರಲ್ಲ.

ಆಂಟೆನಾ, ಸಾಗರ
ಕೇಬಲ್‌ನ ಗೊಡವೆಯೇ ಬೇಡ ಅಂತ ನಾನು ಏರ್‌ಫೈಬರ್ ಹಾಕಿಸಿದೆ. ಮಾಡಿನ ಮೇಲೆ ಒಂದು ಡಬ್ಬಿ, ಒಂದು ವೈರ್, ಮುಗಿಯಿತು. ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದರಿಂದ ಹಾಕಿಸುವ ಖರ್ಚು ಬಿಟ್ಟರು. ಬೆಳಗ್ಗೆ 80, 90 ಸ್ಪೀಡ್ ಬರುತ್ತದೆ. ಸಂಜೆ ಊರೆಲ್ಲ ಕ್ರಿಕೆಟ್ ನೋಡುವಾಗ ಕಡಿಮೆ, ಅದನ್ನು ಸುಳ್ಳು ಹೇಳಲ್ಲ. ಟವರ್ ಕಣ್ಣಿಗೆ ಕಾಣುವ ಹಾಗಿರಬೇಕು, 5ಜಿ ಇರಬೇಕು.

ಕಾಫಿಕಣ, ಕೊಪ್ಪ
ಅಕ್ಕ 4ಜಿ ಅಂತ ಬರೆದಿದ್ದಾರೆ. ಓದಿದಿರಾ?

ಆಂಟೆನಾ, ಸಾಗರ
ಓದಿದೆ. ಅಟ್ಟದ ಮೇಲೆ 4ಜಿ ಬಂದರೆ ಮಾಡಿನ ಮೇಲೆ ಕೋಲು ಕಟ್ಟಿ ನೋಡಬಾರದಾ? ಇಲ್ಲದಿದ್ದರೆ ಉಪಗ್ರಹದಿಂದ ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ಕಾಯಲಿ. 2025ರ ಜೂನ್‌ನಲ್ಲೇ ಲೈಸೆನ್ಸ್ ಸಿಕ್ಕಿದೆ.

ಹೆಗಡೆ, ಸಿದ್ದಾಪುರ
ಲೈಸೆನ್ಸ್‌ನಲ್ಲಿ ಮೀಟಿಂಗ್ ಮಾಡಲಿಕ್ಕೆ ಆಗುತ್ತದಾ ಮಾರಾಯ್ರೆ? ಕೋಲು ಕಟ್ಟಿದರೆ 5ಜಿ ಹುಟ್ಟುವುದೂ ಇಲ್ಲ.

ತೋಟದಂಚು, ಹೊಸನಗರ
ಎಲ್ಲರಿಗೂ ಥ್ಯಾಂಕ್ಸ್. ಸೊಪ್ಪಿನ ಬೆಟ್ಟದಲ್ಲಿ ಕಂಬ ನೆಟ್ಟರೆ ಅರಣ್ಯದವರು ತಕರಾರು ಮಾಡುತ್ತಾರಾ? ಹಳ್ಳ ದಾಟಿಸುವುದು ಹೇಗೆ?

ಕಾಫಿಕಣ, ಕೊಪ್ಪ
ಕರೆಂಟ್ ವಿಷಯ ಯಾರೂ ಹೇಳಲಿಲ್ಲ ನೋಡಿ ಅಕ್ಕ. ಮನೆಯಲ್ಲಿ ಒಎನ್‌ಟಿಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಇಟ್ಟೆ, 1,350. ಆದರೆ ಆ ಕಡೆ ಒಎಲ್‌ಟಿ ಇರುವಲ್ಲಿ ಬ್ಯಾಟರಿ ಸತ್ತಿದೆ. ಊರಲ್ಲಿ ಕರೆಂಟ್ ಹೋದ ಅರ್ಧ ಗಂಟೆಗೆ ನಮ್ಮ ದೀಪವೂ ಕೆಂಪು. ಮಗಳ ಮೀಟಿಂಗ್ ನಡುವೆ ಹಾಗಾದರೆ ಕಂಪನಿ ಕೇಳುತ್ತದಾ?

ಹೆಗಡೆ, ಸಿದ್ದಾಪುರ
ಅದಕ್ಕೇ ನಾವು ಒಂಬತ್ತು ಮನೆಯವರು ಸೇರಿ ಅಲ್ಲಿಗೊಂದು ಬ್ಯಾಟರಿ ಕೊಡಿಸಿದೆವು. ಮನೆಗೆ 1,600. ಅಳುತ್ತಾ ಕೂರಲಿಲ್ಲ.

ನಿವೃತ್ತ, ಶಿರಸಿ
ಕಂಪನಿಯ ಬ್ಯಾಟರಿ ಗ್ರಾಹಕರು ಕೊಡಿಸುವುದಾ? ಹೀಗೆ ಕೊಡಿಸುವವರು ಇರುವುದಕ್ಕೇ ನನ್ನ ದೂರಿಗೆ ಬೆಲೆ ಇಲ್ಲ.

ಹೆಗಡೆ, ಸಿದ್ದಾಪುರ
ನಿಮ್ಮ ದೂರಿಗೆ ಬೆಲೆ ಬರಲಿ ಅಂತ ನಾವು ಕತ್ತಲಲ್ಲಿ ಕೂರಬೇಕಿತ್ತಾ?

ಜಾಯಿಂಟ್ ಹುಡುಗ, ತೀರ್ಥಹಳ್ಳಿ
ಒಂಬತ್ತು ಮನೆ ಸೇರಿದ್ದಾ? ಹಾಗಾದರೆ ಮುಖ್ಯ ರಸ್ತೆಯಿಂದ ನಿಮ್ಮ ಕೇರಿಯ ತನಕ ಎಳೆದ ಖರ್ಚು ಹಂಚಿಕೊಂಡಿರಬೇಕು. ನಿಮ್ಮ 29,950ರಲ್ಲಿ ಅದು ಎಲ್ಲಿದೆ ಹೆಗಡೇರೆ?

ಹೆಗಡೆ, ಸಿದ್ದಾಪುರ
ಅದು ಬೇರೆ ಪುಸ್ತಕದಲ್ಲಿದೆ.

ಎರೆಹೊಲ, ಗದಗ
ಆ ಪುಸ್ತಕವನ್ನೂ ತೆಗೆಯಿರಿ, ನೋಡೋಣ. ಕಾಫಿಕಣದವರೆ, ನಿಮ್ಮ ಹಳೆ ಕೇಬಲ್‌ನಲ್ಲಿ ಅಳಿಲು ಕಡಿಯದ ತುಂಡು 200 ಮೀಟರ್ ಇದ್ದರೆ ಹೇಳಿ. ಎಷ್ಟಕ್ಕೆ ಕೊಡುತ್ತೀರಿ?