ರಾಯಗಡ ನಡೆದೇ ಹತ್ತುವವರಿಗೆ: ಬಲ್ಲವರು ಹೇಳಿದ್ದು

ಕೇಳಿದವರು, ಪುಣೆಯ ವಾರ್ಜೆಯಿಂದ: ಡಿಸೆಂಬರ್ ಎರಡನೇ ವಾರ ಶಿವಾಜಿ ಮಹಾರಾಜರ ಬೆಟ್ಟದ ಕೋಟೆ ರಾಯಗಡಕ್ಕೆ ಹೊರಟಿದ್ದೇವೆ. ಒಟ್ಟು ಆರು ಜನ. ಅತ್ತೆಯವರಿಗೆ 64, ಒಂದು ಮೊಣಕಾಲು ನೋವಿದೆ, ಮಗನಿಗೆ 9. ಡೊಂಬಿವಲಿಯಿಂದ ಮೈದುನ ರೈಲಿನಲ್ಲಿ ಬಂದು ಸೇರುತ್ತಾನೆ. ರೋಪ್‌ವೇ ಬಿಟ್ಟು ಮೆಟ್ಟಿಲಿನಿಂದಲೇ ಹೋಗಬೇಕೆಂಬ ಆಸೆ. ಎಷ್ಟು ಹೊತ್ತು ಬೇಕು, ನೀರು ಎಷ್ಟು, ಮೇಲೆ ಏನನ್ನು ಬಿಡಬಾರದು? ತಿಳಿದವರು ದಯವಿಟ್ಟು ಹೇಳಿ.

ಕೋಥರೂಡ್‌ನಿಂದ: ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಇದ್ದರೆ ಬಿಡಿ. ತಾಮ್ಹಿಣಿ ಘಾಟ್ ಇಳಿದು ನಿಜಾಂಪುರದಿಂದ ಗಡದ ಬುಡದ ಊರು ಪಾಚಾಡದ ಒಳದಾರಿ ಹಿಡಿದರೂ ಪುಣೆಯಿಂದ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಹೊರಟವರು ಸುಡುಬಿಸಿಲಲ್ಲಿ ಮೆಟ್ಟಿಲ ಬುಡಕ್ಕೆ ಬರುತ್ತಾರೆ, ಮೇಲೆ ಮುಟ್ಟುವಷ್ಟರಲ್ಲಿ ಸುಸ್ತಾಗಿ ಅರ್ಧ ಊರನ್ನೂ ನೋಡದೆ ಇಳಿಯುತ್ತಾರೆ. ಹಿಂದಿನ ರಾತ್ರಿ ಪಾಚಾಡದಲ್ಲಿ ತಂಗಿ, ಬೆಳಿಗ್ಗೆ ಆರೂವರೆಗೆ, ಮೆಟ್ಟಿಲು ಶುರುವಾಗುವ ಚಿತ್ ದರ್ವಾಜಾದ ಬಳಿ ಹೆಜ್ಜೆ ಇಡಿ. ಮಗುವಿನ ಜೊತೆ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ.

ಮೆಟ್ಟಿಲು 1,737 ಎಂದು ವಾಡಿಕೆಯ ಲೆಕ್ಕ. ಆದರೆ ಎತ್ತರ ಒಂದೇ ಸಮ ಇಲ್ಲ: ಒಂದು ಅರ್ಧ ಅಡಿ ಇದ್ದರೆ ಮುಂದಿನದು ಒಂದಡಿ. ಲಯ ತಪ್ಪುವುದೂ ಉಸಿರು ಕಟ್ಟುವುದೂ ಇದರಿಂದಲೇ. ನೂರು ಮೆಟ್ಟಿಲಿಗೊಮ್ಮೆ ನಿಂತೇ ಒಂದು ನಿಮಿಷ ಉಸಿರು ತೆಗೆದುಕೊಳ್ಳಿ. ಹತ್ತು ನಿಮಿಷ ಕೂತುಬಿಟ್ಟರೆ ಮೈ ಆರಿ ಕಾಲು ಬಿಗಿಯುತ್ತದೆ. ಹೊಸ ಬೂಟು ಬೇಡ, ತಳ ಸವೆದದ್ದೂ ಬೇಡ. ಡಿಸೆಂಬರಿನಲ್ಲಿ ಒಣಹುಲ್ಲು, ಸಣ್ಣ ಜಲ್ಲಿ ಕಾಲಡಿಯಲ್ಲಿ ಉರುಳುತ್ತವೆ.

ಚಿಂಚವಾಡದಿಂದ: ಅತ್ತಿಯವರ ಬಗ್ಗೆ ಹೇಳ್ತೀನಿ ನೋಡ್ರಿ. ಮೊಣಕಾಲಿಗೆ ಹತ್ತೂದಕ್ಕಿಂತ ಇಳಿಯೂದು ಭಾಳ ತ್ರಾಸ. ಇಳಿಯೂವಾಗ ಮೈಭಾರ ಎಲ್ಲಾ ಬಗ್ಗಿದ ಮೊಣಕಾಲ ಮ್ಯಾಲೆ ಬೀಳ್ತದ. ಅದಕ್ಕ ಮ್ಯಾಲೆ ಹೋಗೂದೂ ಇಳಿಯೂದೂ ಎರಡೂ ಅವರು ರೋಪ್‌ವೇದಾಗ ಮಾಡ್ಲಿ, ಜೋಡಿಗೆ ಒಬ್ಬರು ಹೋಗ್ರಿ. ಇಲ್ಲೇ ಮಂದಿ ತಪ್ಪೂದು: ರೋಪ್‌ವೇ ಹತ್ತೂದು ಹಿರಕಣಿವಾಡಿಯೊಳಗ, ಚಿತ್ ದರ್ವಾಜಾದಾಗ ಅಲ್ಲ. ಮ್ಯಾಲೆ ಬಿಡೂದು ಮೇಣಾ ದರ್ವಾಜಾದ ಬಾಜೂಕ. ಮೆಟ್ಲದವರು ಬರೂದು ಮಹಾದರ್ವಾಜಾ ದಾಟಿ. ಫೋನ್ ಸಿಗ್ನಲ್ ನಂಬಬ್ಯಾಡ್ರಿ; "ಹತ್ತು ಗಂಟೆಕ್ಕ ಗಂಗಾಸಾಗರ ಕೆರಿ ದಂಡಿ" ಅಂತ ಕೆಳಗೇ ಮಾತಾಡಿಕೊಂಡು ಹೋಗ್ರಿ. ಶನಿವಾರ-ರವಿವಾರ ರೋಪ್‌ವೇಗೆ ಉದ್ದನ ಪಾಳಿ ಇರ್ತದ, ಗಾಳಿ ಜೋರಾದ್ರ ನಿಲ್ಲಸ್ತಾರ. ಮಂಗಳವಾರ-ಬುಧವಾರ ಹೋದ್ರ ಛಲೋ.

ನಡೆಯೂ ಮಂದಿ ತಲಿಗೆ ಎರಡು ಲೀಟರ್ ನೀರು, ಹುಡುಗಗ ಒಂದೂವರಿ. ಅದರಾಗ ಒಂದು ಲೀಟರಿಗೆ ಆರು ಸಮ ಚಹಾ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು ಕಲಸ್ರಿ. ಬರೇ ನೀರು ಕುಡದು ಬೆವತ್ರ ಸುಸ್ತು ಇಳಿಯೂದಿಲ್ಲ. ದಾರಿಯೊಳಗ ಮಜ್ಜಿಗಿ, ಲಿಂಬು ಶರಬತ್ತು, ಝುಣಕಾ-ಭಾಕ್ರಿ ಸಿಗ್ತಾವ. ಭಾಕ್ರಿ ಮಾತ್ರ ಇಳಿಯೂಕಿಂತ ಒಂದು ತಾಸು ಮೊದಲ ತಿನ್ರಿ.

ಡೊಂಬಿವಲಿಯಿಂದ: ನಿಮ್ಮ ಮೈದುನನಿಗೆ ಸುಲಭ ಉಂಟು ಮಾರಾಯ್ರೆ. ದಿವಾದಿಂದ ಸಾವಂತವಾಡಿ ಗಾಡಿ ಹಿಡಿದು ವೀರ್ ಸ್ಟೇಷನ್‌ನಲ್ಲಿ ಇಳಿಯಲಿ, ಅಲ್ಲಿಂದ ಮಹಾಡ್. ಮಹಾಡಿನಿಂದ ಪಾಚಾಡಕ್ಕೆ ಸುಮಾರು 25 ಕಿ.ಮೀ., ಎಸ್.ಟಿ. ಬಸ್ಸು ಕಡಿಮೆ. ಸಂಜೆಯ ಬಸ್ಸು ತಪ್ಪಿದರೆ ರಿಕ್ಷಾ ಮಾತಾಡಬೇಕು. ಕತ್ತಲಾಗುವ ಮೊದಲೇ ಮಹಾಡ್ ಬಿಡುವ ಹಾಗೆ ಹೊರಡಲಿ.

ಪುಣೆಯ ಔಂಧ್‌ನಿಂದ: ಮೇಲೆ ಏನು ನೋಡಬೇಕೆಂಬುದಕ್ಕೆ ಯಾರೂ ಬಂದಿಲ್ಲ, ನಾನು ಹೇಳುತ್ತೇನೆ. ರಾಯಗಡವನ್ನು ಕೋಟೆ ಎಂದುಕೊಂಡು ಹೋದವರಿಗೆ "ಬರೀ ಕಟ್ಟೆಗಳು" ಎಂಬ ನಿರಾಸೆ. ಅದು ರಾಜಧಾನಿ, 1674ರ ಜೂನ್ 6ರಂದು ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದ ಊರು. 1818ರಲ್ಲಿ ಇಂಗ್ಲಿಷರ ತೋಪಿನ ದಾಳಿಗೆ ಬೆಂಕಿ ಬಿತ್ತು. ಮೇಲಿನ ಮರದ ಕಟ್ಟಡ ಉರಿದುಹೋಯಿತು, ಕಲ್ಲಿನ ಅಡಿಗಟ್ಟು ಉಳಿಯಿತು. ಹಂಪಿಯ ಅರಮನೆ ಆವರಣ ನೋಡಿದ ಕಣ್ಣಿಗೆ ಇದು ತಕ್ಷಣ ತಿಳಿಯುತ್ತದೆ. ಆದ್ದರಿಂದ ನೆಲ ನೋಡುತ್ತ ನಡೆಯಿರಿ: ಕಂಬ ನಿಂತಿದ್ದ ಕಲ್ಲುಗಳು, ನೀರು ಹೋಗುವ ಕಾಲುವೆ, ರಾಣಿವಾಸದ ಆರು ಮನೆಗಳಿಗೂ ಅಂಟಿಕೊಂಡ ಶೌಚದ ಜಾಗ.

ಮಹಾದರ್ವಾಜಾದಲ್ಲಿ ಹತ್ತು ನಿಮಿಷ ನಿಲ್ಲಲೇಬೇಕು. ಎರಡು ದೊಡ್ಡ ಬುರುಜುಗಳ ನಡುವೆ ದಾರಿ ತಿರುಚಿಕೊಂಡು ಹೋಗುತ್ತದೆ, ಬಾಗಿಲು ಎದುರಿಗೆ ಬರುವವರೆಗೂ ಕಾಣುವುದಿಲ್ಲ. ಆನೆ ಓಡಿಬಂದು ಗುದ್ದಲು ಜಾಗವೇ ಸಿಗದ ಹಾಗೆ ಕಟ್ಟಿದ್ದು. ರೋಪ್‌ವೇಯವರಿಗೆ ತಪ್ಪಿಹೋಗುವುದು ಇದೇ. ನಡೆದು ಬರುವ ನಿಮ್ಮ ಆಸೆ ಸರಿಯಾದದ್ದು.

ಅಲ್ಲಿಂದ ಹಾಥಿ ತಲಾವ್ (ಆನೆ ಕೆರೆ), ಗಂಗಾಸಾಗರ, ಪಾಲಖಿ ದರ್ವಾಜಾ, ರಾಣಿವಾಸ, ರಾಜಸದರ (ಸಿಂಹಾಸನವಿದ್ದ ಸಭಾಂಗಣ), ನಗಾರಖಾನೆ (ಅದರ ಎದುರಿನ ದೊಡ್ಡ ಬಾಗಿಲು), ಹೋಳಿಚಾ ಮಾಳ (ಹೋಳಿ ಬಯಲು), ಪೇಟೆ, ಕೊನೆಗೆ ಜಗದೀಶ್ವರ ದೇವಸ್ಥಾನ ಮತ್ತು ಶಿವಾಜಿ ಮಹಾರಾಜರ ಸಮಾಧಿ. ಈ ಕ್ರಮದಲ್ಲಿ ಹೋದರೆ ಹಿಂದೆ ಮುಂದೆ ಅಲೆದಾಟವಿಲ್ಲ, ಮೂರು ಗಂಟೆ ಸಾಕು. ರಾಜಸದರಿನಲ್ಲಿ ಜನ ಸೇರುವ ಮೊದಲು ಒಬ್ಬರು ಸಿಂಹಾಸನದ ಕಡೆ, ಇನ್ನೊಬ್ಬರು ನಗಾರಖಾನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಮಾತಾಡಿ ನೋಡಿ. ಹುಡುಗನಿಗೆ ಅದು ಮರೆಯುವುದಿಲ್ಲ. ಜಗದೀಶ್ವರದ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮೆಟ್ಟಿಲ ಕಲ್ಲು ನೋಡಿ. "ಸೇವೇಚೆ ಠಾಯೀ ತತ್ಪರ ಹಿರೋಜಿ ಇಟಳಕರ" (ಸೇವೆಯಲ್ಲಿ ಸದಾ ತತ್ಪರ ಹಿರೋಜಿ) ಎಂದು ಕೊರೆದಿದೆ. ಗಡ ಕಟ್ಟುವ ಹೊಣೆ ಹೊತ್ತವನ ಹೆಸರು. ಕಾಲಡಿಯ ಕಲ್ಲಾದ್ದರಿಂದ ಜನ ತುಳಿದೇ ದಾಟಿಬಿಡುತ್ತಾರೆ.

ಕೋಥರೂಡ್‌ನಿಂದ, ಮತ್ತೆ: ಪೇಟೆಯ ಕಟ್ಟೆ ಎತ್ತರ ಇರುವುದು ಕುದುರೆ ಮೇಲೆ ಕೂತೇ ಸಾಮಾನು ಕೊಳ್ಳಲು ಎಂದು ಗೈಡುಗಳು ಹೇಳುತ್ತಾರೆ. ಇತಿಹಾಸ ಬಲ್ಲವರೆಲ್ಲ ಒಪ್ಪುವ ಮಾತಲ್ಲ. ಮಗನಿಗೆ ಹೇಳುವಾಗ "ಹಾಗೆನ್ನುತ್ತಾರೆ" ಎಂದೇ ಹೇಳಿ.

ಡೊಂಬಿವಲಿಯಿಂದ: ಟಕಮಕ್ ಟೋಕಕ್ಕೆ (ಕಡಿದಾದ ಬಂಡೆಯ ತುದಿ) ಹೋಗುವುದಾದರೆ ಮಗುವಿನ ಕೈ ಬಿಡಬೇಡಿ, ಟೊಪ್ಪಿ ಚೀಲಕ್ಕೆ ಹಾಕಿ, ಗಾಳಿಗೆ ಹಾರಿದ್ದರ ಹಿಂದೆ ಯಾರೂ ಓಡಬಾರದು. ಮುಂದೆ ಯಾರಾದರೂ ಮಳೆಗಾಲದಲ್ಲಿ ಹೋಗುವ ಯೋಚನೆ ಮಾಡಿದರೆ: 2024ರ ಜುಲೈಯಲ್ಲಿ ಮೆಟ್ಟಿಲ ಮೇಲೆ ನೀರು ಹೊಳೆಯ ಹಾಗೆ ಹರಿದು, ಜಿಲ್ಲಾಡಳಿತ ದಾರಿಯನ್ನೇ ಮುಚ್ಚಿತ್ತು. ಜೂನ್ 6ರ ಆಸುಪಾಸು ಹೋದರೆ ಊರು ಕಾಣುವುದಿಲ್ಲ, ಜನವೇ ಕಾಣುವುದು.

ಚಿಂಚವಾಡದಿಂದ: ಎರಡು ಗಂಟೆಕ್ಕ ಇಳಿಯಾಕ ಹತ್ರಿ. ಸಣ್ಣ ಹೆಜ್ಜಿ, ಕೈಯಾಗ ಕೋಲು, ದೊಡ್ಡ ಮೆಟ್ಲ ಬಂದ್ರ ಅಡ್ಡ ತಿರುಗಿ ಇಳೀರಿ. ಗಾಡಿ ಚಿತ್ ದರ್ವಾಜಾದ ಹತ್ರ ನಿಲ್ಲಿಸಿದ್ರ ಅತ್ತಿಯವರನ್ನ ಹಿರಕಣಿವಾಡಿಯಿಂದ ಕರಕೊಂಡು ಬರಬೇಕಾಗ್ತದ, ಅದನ್ನ ಮರೀಬ್ಯಾಡ್ರಿ. ಹಾದಿಯೊಳಗ ಪಾಚಾಡದಾಗ ಶಿವಾಜಿ ಮಹಾರಾಜರ ತಾಯಿ ಜೀಜಾಬಾಯಿಯವರ ಸಮಾಧಿ ಅದ. ಗಾಡಿ ರಸ್ತೆಯ ಬಾಜೂಕ, ಮೆಟ್ಲ ಹತ್ತೂದಿಲ್ಲ. ಅತ್ತಿಯವರು ಆರಾಮ ನೋಡಬಹುದು.