ಟ್ರಾಲಿಂಗ್ ಬಂದ್ ಟೈಮಲ್ಲಿ 2 ತಿಂಗಳು ಇ-ಬೈಕ್ ನಿಲ್ಸಿಡ್ಬೇಕು, ಬ್ಯಾಟರಿ ಫುಲ್ ಇಡೋದಾ ಖಾಲಿ ಇಡೋದಾ?

ಕಾಳಿ_ದಂಡೆ:
ಎಲ್ರಿಗೂ ನಮಸ್ಕಾರ. ನಂದು ಬೈತಖೋಲ ಬಂದರಲ್ಲಿ ಲೆಕ್ಕ ಬರೆಯೋ ಕೆಲ್ಸ, ಮನೆ ಸದಾಶಿವಗಡ, ದಿನಾ ಕಾಳಿ ಸೇತುವೆ ದಾಟಿ ಎಲೆಕ್ಟ್ರಿಕ್ ಬೈಕಲ್ಲೇ ಓಡಾಟ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರ್ತದಲ್ಲ, 61 ದಿನ, ಆವಾಗ ನಾವೆಲ್ಲ ಹಳಿಯಾಳ ಕಡೆ ಹೆಂಡತಿ ಮನೆಗೆ ಹೋಗ್ತೇವೆ, ಬೈಕ್ ಇಲ್ಲೇ ಇರ್ತದೆ. ಹೋದ ವರ್ಷ ಫುಲ್ ಚಾರ್ಜ್ ಮಾಡಿ ಬಿಟ್ಟು ಹೋಗಿದ್ದೆ. ಈಗ ಗಾಡಿಗೆ 2 ವರ್ಷ ಆಯ್ತು, ಮೊದಲು 85 ಕಿಮೀ ಓಡ್ತಿದ್ದಿದ್ದು ಈಗ 60ಕ್ಕೇ ಉಸ್ಸಪ್ಪಾ ಅಂತದೆ. ಒಬ್ರು ಪೂರ್ತಿ ಖಾಲಿ ಮಾಡಿ ಇಡು ಅಂತಾರೆ, ಇನ್ನೊಬ್ರು ಫುಲ್ ಇಡು ಅಂತಾರೆ, ಯಾರ ಮಾತು ಕೇಳೋದು? ಇನ್ನೊಂದು, ಬ್ಯಾಟರಿ ತೆಗೆದು ನೋಡಿದ್ರೆ ಕನೆಕ್ಟರ್ ಪಿನ್ ಮೇಲೆ ಹಸಿರು ಹಸಿರು ಕಿಲುಬು ಕೂತಿದೆ. ಅದಕ್ಕೆ ಎಂತ ಮಾಡೋದು? ಬ್ಯಾಟರಿ ಮನೆ ಒಳಗೆ ತರಬಹುದು, ಬಿಚ್ಚೋ ಟೈಪ್.

ಅಂಕೋಲೆಯವ:
ಫುಲ್ ಚಾರ್ಜ್ ಮಾಡಿ ಇಡಿ ಅಷ್ಟೇ. ಊರಿಗೆ ಹೋಗೋ ಮುಂಚೆ ಫುಲ್, ತಿಂಗಳಿಗೊಂದ್ಸಲ ತಮ್ಮ ಬಂದು ಮತ್ತೆ ಫುಲ್ ಮಾಡ್ತಾನೆ. 3 ವರ್ಷದಿಂದ ಹಂಗೇ ಮಾಡ್ತಿದ್ದೇನೆ ಏನೂ ಆಗಿಲ್ಲ. ಇಷ್ಟಕ್ಕೆಲ್ಲ ಯಾಕೆ ತಲೆ ಬಿಸಿ.

ಘಟ್ಟದ_ಮೇಲಿನವ:
ಅಂಕೋಲೆಯವ್ರೆ, ನಿಮ್ಮ ಗಾಡಿ ಬ್ಯಾಟರಿ ಎತ್ತೂಕೆ ಇಬ್ರು ಬೇಕಾ? ಹೌದಾದ್ರೆ ಅದು ಲೆಡ್ ಆಸಿಡ್, ನೀವು ಮಾಡೂದು ಅದಕ್ಕೆ ಸರಿಯೇ. ಲೆಡ್ ಆಸಿಡ್ ಬ್ಯಾಟರಿ ಖಾಲಿ ಬಿಟ್ರೆ ಪ್ಲೇಟಿಗೆ ಸಲ್ಫೇಟ್ ಕೂತು ಸತ್ತೇ ಹೋಗ್ತದೆ, ಅದನ್ನ ತುಂಬಿಸಿಯೇ ಇಡ್ಬೇಕು. ಆದ್ರೆ ಪ್ರಶ್ನೆ ಕೇಳಿದವ್ರದ್ದು ಬಿಚ್ಚಿ ಒಳಗೆ ತರೋ ಟೈಪ್ ಹೇಳಿದ್ರಲ್ಲ, ಲಿಥಿಯಂ ಇರಬೇಕು, ಅದರ ಸ್ವಭಾವ ಪೂರಾ ಉಲ್ಟಾ. ತುಂಬಿದ ಹೊಟ್ಟೆಯಲ್ಲಿ ಸೆಕೆಗೆ ಕೂತ್ರೆ ಅದಕ್ಕೆ ವಯಸ್ಸಾಗ್ತದೆ. ಪೂರ್ತಿ ಖಾಲಿ ಮಾಡಿಟ್ರೆ ಇನ್ನೂ ಅಪಾಯ, ತನ್ನಷ್ಟಕ್ಕೇ ಸ್ವಲ್ಪ ಸ್ವಲ್ಪ ಇಳೀತದೆ, ಬಿಎಂಎಸ್ (ಬ್ಯಾಟರಿ ಕಾಯೂ ಒಳಗಿನ ಸರ್ಕ್ಯೂಟ್) ಬೇರೆ ಒಂದು ಹನಿ ಕುಡೀತಾ ಇರ್ತದೆ, ಸೆಲ್ ವೋಲ್ಟೇಜ್ ತೀರ ಕೆಳಗೆ ಹೋದ್ರೆ ಆಮೇಲೆ ಚಾರ್ಜರ್ ಹಾಕಿದ್ರೂ ಏಳೂದಿಲ್ಲ. ಖಾಲಿ ಮಾಡಿ ಚಾರ್ಜ್ ಮಾಡ್ಬೇಕು ಹೇಳೂದು ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು, ಜನ ಇನ್ನೂ ಬಿಟ್ಟಿಲ್ಲ.

ಹಾಗಾಗಿ 50% ಆಜುಬಾಜು ಇಟ್ಟು, ಗಾಡಿಯಿಂದ ಬಿಚ್ಚಿ, ತಂಪಾದ ಒಣ ಜಾಗದಲ್ಲಿ ಇಡಿ. ತಿಂಗಳಿಗೊಂದ್ಸಲ ಯಾರ ಹತ್ರಾದ್ರೂ ನೋಡಿಸಿ, 30ಕ್ಕಿಂತ ಕೆಳಗೆ ಬಂದಿದ್ರೆ ಮತ್ತೆ ಅರ್ಧಕ್ಕೆ ತನ್ನಿ ಸಾಕು. ಒಣ ಜಾಗ ಹೇಳಿ ಬಚ್ಚಲ ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಏರಿಸ್ಬೇಡಿ ಮಾರಾಯ್ರೆ! ನಮ್ಮನೇಲಿ ಮಳೆಗಾಲ ಬಂತು ಅಂದ್ರೆ ಕೊಡೆಯಿಂದ ಹಿಡಿದು ಎಲ್ಲಾ ಅಲ್ಲಿಗೇ ಹೋಗ್ತದೆ, ಅಪ್ಪಯ್ಯ ಬ್ಯಾಟರಿನೂ ಅಲ್ಲೇ ಇಟ್ಟಿದ್ರು, ನಾನು ನೋಡಿ ಓಡಿ ಹೋಗಿ ಇಳ್ಸಿದ್ದು.

ದಿನಾ ಓಡ್ಸುವಾಗ 20ರಿಂದ 80 ಒಳಗೆ ಇಟ್ಕೊಂಡ್ರೆ ಒಳ್ಳೇದು. ನಿಮ್ಮದು ದಿನಕ್ಕೆ 20 ಕಿಮೀ ಒಳಗೇ ಅಲ್ದಾ, ದಿನಾ ರಾತ್ರಿ 100 ಮಾಡೂದು ಎಂತಕ್ಕೆ? ಆದ್ರೆ ಲೇಬಲ್ ನೋಡಿ, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್, ಲಿಥಿಯಂನಲ್ಲೇ ಒಂದು ಬಗೆ) ಇದ್ರೆ ಆಗಾಗ 100 ಮಾಡ್ಲೇಬೇಕು, ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚುಕಮ್ಮಿ ಒಂದೇ ಸಮ ಇರೂದ್ರಿಂದ ಮೀಟರಿಗೆ ಎಷ್ಟು ಉಳಿದಿದೆ ಹೇಳಿ ಅಂದಾಜೇ ಸಿಗೂದಿಲ್ಲ, 40 ತೋರಿಸ್ತಾ ಇದ್ದಿದ್ದು ದಾರಿ ಮೇಲೆ ನಿಂತುಬಿಡ್ತದೆ. ಎನ್‌ಎಂಸಿ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್, ಲಿಥಿಯಂನ ಇನ್ನೊಂದು ಬಗೆ) ಆದ್ರೆ ಅಪರೂಪಕ್ಕೊಮ್ಮೆ ಸೆಲ್ ಬ್ಯಾಲೆನ್ಸ್ ಆಗೂಕೆ, ಅಂದ್ರೆ ಒಳಗಿನ ಸೆಲ್ ಎಲ್ಲ ಒಂದೇ ಮಟ್ಟಕ್ಕೆ ಬರೂಕೆ, 100 ಮಾಡಿದ್ರೆ ಸಾಕು.

ನಾನು ಶಿರಸಿಯಿಂದ ಕುಮಟಾಕ್ಕೆ ಇಳೀತೇನೆ ತಿಂಗಳಿಗೊಂದೆರಡು ಸಲ. ಮೊದಲ ಸಲ 100 ಮಾಡ್ಕೊಂಡು ಹೊರಟಿದ್ದೆ, ದೇವಿಮನೆ ಘಟ್ಟದಲ್ಲಿ ರೀಜೆನ್ (ಇಳಿಯುವಾಗ ಮೋಟರೇ ಗಾಡಿ ಹಿಡಿದು ಬ್ಯಾಟರಿ ತುಂಬ್ಸೂದು) ಸಿಗ್ತದೆ ಹೇಳಿ ಖುಷಿಯಲ್ಲಿ. ಚಾರ್ಜ್ ಇನ್ನೂ ಮೇಲೇ ಇತ್ತು, ಒಳಗೆ ಜಾಗ ಇಲ್ಲದ್ರೆ ಅದು ಎಲ್ಲಿ ತಗೊಳ್ತದೆ, ಸರಿಯಾಗಿ ಹಿಡೀಲೇ ಇಲ್ಲ, ಬ್ರೇಕ್ ಹಿಡಿದು ಹಿಡಿದು ಕೈ ನೋವು. ಈಗ ಮೇಲಿಂದ ಇಳಿಯುವಾಗ ಬೇಕಾದಷ್ಟೇ ತುಂಬ್ಸಿ ಹೊರಡ್ತೇನೆ. ವಾಪಸ್ ಹತ್ತಿ ಬಂದ್ಮೇಲೆ ಬ್ಯಾಟರಿ ಬಿಸಿ ಇರ್ತದೆ, ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ಚಾರ್ಜರ್.

ವೈಂಡಿಂಗ್_ಕುಮಟಾ:
ಮೇಲಿನವ್ರು ಒಳಗಿಂದು ಹೇಳಿದ್ರು, ನಾನು ಹೊರಗಿಂದು ಹೇಳ್ತೆ, ಯಾಕಂದ್ರೆ ನಮ್ಮ ಕರಾವಳಿಯಲ್ಲಿ ನನ್ನ ಅಂಗಡಿಗೆ ಬರೂ ಗಾಡಿಲಿ ಸೆಲ್ ಹೋದದ್ದಕ್ಕಿಂತ ಕನೆಕ್ಟರ್ ಹೋದದ್ದೇ ಜಾಸ್ತಿ. ಉಪ್ಪುಗಾಳಿ. ಬಂದರಲ್ಲಿ ದಿನಾ ನಿಲ್ಸೂ ಗಾಡಿ ಅಂದ್ರೆ ಕೇಳೂದೇ ಬೇಡ. ಪಿನ್ನಿಗೆ ಕಿಲುಬು ಹಿಡಿದ್ರೆ ರೆಸಿಸ್ಟೆನ್ಸ್ ಏರ್ತದೆ, ಕರೆಂಟ್ ಎಳೆಯುವಾಗ ಅದೇ ಜಾಗ ಕಾಯ್ತದೆ, ಕೊನೆಗೆ ಪ್ಲಾಸ್ಟಿಕ್ ಸಾಕೆಟ್ ಕರಗಿ ಅಂಟ್ಕೊಳ್ತದೆ, ಆವಾಗ ಗಿರಾಕಿ ಬಂದು ಬ್ಯಾಟರಿ ಹೋಯ್ತು ಅಂತಾರೆ. ಸೀಟ್ ಕೆಳಗೆ ಎಂಸಿಬಿ (ಕರೆಂಟ್ ಕಟ್ ಮಾಡೂ ಸ್ವಿಚ್) ಇದ್ರೆ ಆಫ್ ಮಾಡಿ, ಬ್ಯಾಟರಿ ಹೊರಗೆ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹಳೇ ಹಲ್ಲುಜ್ಜೂ ಬ್ರಶ್ಶಲ್ಲಿ ಮೆತ್ತಗೆ ತಿಕ್ಕಿ. ನೆನಪಿಡಿ, ಬ್ಯಾಟರಿ ಬದಿ ಪಿನ್ನಿಗೆ ಸ್ಕ್ರೂಡ್ರೈವರ್, ತಂತಿ ಬ್ರಶ್ ತಾಗ್ಸಬೇಡಿ, ಶಾರ್ಟ್ ಆದ್ರೆ ಮುಗೀತು. ಸ್ಯಾಂಡ್‌ಪೇಪರೂ ಬೇಡ, ಮೇಲಿನ ಕೋಟಿಂಗ್ ಹೋದ್ರೆ ಇನ್ನೂ ಬೇಗ ಕಿಲುಬು. ಪೂರ್ತಿ ಒಣಗಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ. ಒಬ್ರು ತೆಂಗಿನೆಣ್ಣೆ ಹಚ್ಕೊಂಡು ಬಂದಿದ್ರು, ಧೂಳೆಲ್ಲ ಕೂತು ಗೊಜ್ಜು ಆಗಿತ್ತು 😀 ಪಿನ್ ಕಪ್ಪಾಗಿದ್ರೆ ಕ್ಲೀನ್ ಮಾಡೂದು ಬಿಟ್ಟು ಕನೆಕ್ಟರೇ ಬದಲಾಯ್ಸಿ.

ಐಪಿ67 (ನೀರು ಧೂಳು ತಡೆಯೂ ರೇಟಿಂಗ್) ಅಂತ ಬರ್ದಿದೆ ಅಂತ ಧೈರ್ಯ ಮಾಡೂದು ಬೇಡ. ಅದು 1 ಮೀಟರ್ ನೀರಲ್ಲಿ 30 ನಿಮಿಷದ ಟೆಸ್ಟ್, ಸಿಹಿನೀರಲ್ಲಿ, ಹೊಸ ಪ್ಯಾಕಿಗೆ. ಉಪ್ಪುನೀರಿನ ಲೆಕ್ಕ ಬೇರೆ. ಪ್ರೆಶರ್ ವಾಷರ್ ಹೊಡೆಸ್ಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ನೆರೆ ನೀರಲ್ಲಿ ಮುಳುಗಿದ ಬ್ಯಾಟರಿಯನ್ನ ಒಣಗಿಸಿ ಚಾರ್ಜಿಗೆ ಹಾಕೂ ಸಾಹಸ ಮಾತ್ರ ಯಾರೂ ಮಾಡ್ಬೇಡಿ. ಉಬ್ಬಿದ್ದು, ವಾಸನೆ ಬರೂದು ಕೂಡ ಅಷ್ಟೇ, ಮನೆಯಿಂದ ಹೊರಗೆ ಬಯಲಲ್ಲಿಟ್ಟು ಕಂಪನಿಯವ್ರಿಗೆ ಫೋನ್ ಮಾಡಿ.

ಮಳೆಗಾಲದಲ್ಲಿ ಸಿಡಿಲು ಗುಡುಗುವಾಗ ಚಾರ್ಜರ್ ಕಿತ್ತಿಡಿ. ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತಿಂಗ್ ಇದೆಯಾ ಚೆಕ್ ಮಾಡ್ಸಿ. ಚಾರ್ಜಿಗೆ ಹಾಕೂದು ಬಾಗಿಲ ದಾರಿಯಲ್ಲಿ ಬೇಡ, ಏನಾದ್ರೂ ಆದ್ರೆ ಹೊರಗೆ ಓಡೂಕೆ ಅದೇ ದಾರಿ.

ರೇಂಜ್ 85ರಿಂದ 60 ಅಂದ್ರಲ್ಲ, ಟೈರ್ ಗಾಳಿ ಯಾವಾಗ ನೋಡಿದ್ದು? ಬ್ರೇಕ್ ಹಿಡ್ಕೊಳ್ತಾ ಇದೆಯಾ? ಚಕ್ರ ಎತ್ತಿ ತಿರುಗ್ಸಿ ನೋಡಿ, ಆಮೇಲೆ ಬ್ಯಾಟರಿ ಬಯ್ಯಿ.

ಕಾಳಿ_ದಂಡೆ:
ಎಲ್ರಿಗೂ ಥ್ಯಾಂಕ್ಸ್. ಲೇಬಲ್ ನೋಡಿದೆ, ಎನ್‌ಎಂಸಿ ಅಂತಿದೆ. ಹಂಗಾದ್ರೆ ಹೋದ ವರ್ಷ ಫುಲ್ ಮಾಡಿ ತಗಡಿನ ಶೆಡ್ಡಲ್ಲಿ ಬಿಟ್ಟು ಹೋಗಿದ್ದು ನಂದೇ ತಪ್ಪು. ಪಿನ್ ಕಪ್ಪಾಗಿಲ್ಲ, ಕಿಲುಬು ಮಾತ್ರ. ಈ ಸಲ 50% ಮಾಡಿ ಪಕ್ಕದ ಮನೆ ಬಾಯಿ ಹತ್ರ ಕೊಟ್ಟು ಹೋಗ್ತೇನೆ, ಅವ್ರ ಮನೆ ಹಂಚಿಂದು, ನೆಲ ತಂಪು, ಮಗ ಡಿಪ್ಲೊಮಾ ಓದ್ತಿದ್ದಾನೆ ತಿಂಗಳಿಗೊಮ್ಮೆ ನೋಡ್ತಾನೆ.

ಟೈರ್ ವಿಷಯ ಕೇಳ್ಬೇಡಿ. ಗಾಳಿ ಹಾಕ್ಸೋಕೆ ಹೋದ್ರೆ ಹಿಂದಿನ ಚಕ್ರದಲ್ಲಿ 18 ಇತ್ತು, 32 ಇರ್ಬೇಕಿತ್ತಂತೆ. ನಾಳೆ ಮಾಜಾಳಿ ತನಕ ಹೋಗಿ ಬಂದು ಎಷ್ಟು ಓಡ್ತು ಹೇಳ್ತೇನೆ.

ಅಂಕೋಲೆಯವ:
ಈಗ ಬಗ್ಗಿ ನೋಡಿದೆ, ನಂದು ಲೆಡ್ ಆಸಿಡ್ಡೇ 🙏 ಎತ್ತೂಕೆ ಹೋಗಿ ಸೊಂಟ ಹಿಡೀತು.